ಚಾಪೆಲ್‌ನಲ್ಲಿ ಅವಳ ಹೆಸರು

“ನಾನು ಒಂಟಿ ಅಂತ ಇಡೀ ಕಾಲೇಜಿಗೆ ಸಾರೋಕೆ ನೀವ್ಯಾರು ಸರ್?”

ಚಾಪೆಲ್ ಮೆಟ್ಟಿಲ ಮೇಲೆ ತ್ರಿವೇಣಿ ಹೀಗೆ ಕೇಳಿದಾಗ ಮುತ್ತುರಾಜನ ಮುಖ ಬಿಳಿಚಿಕೊಂಡಿತು. ಇಷ್ಟು ದಿನ ಇಬ್ಬರ ನಡುವೆ ಇದ್ದದ್ದು ಬರೀ ನಮಸ್ಕಾರ, ಪ್ರತಿನಮಸ್ಕಾರ.

ರಾಯದುರ್ಗದ ಆ ಕ್ರೈಸ್ತ ಕಾಲೇಜಿನಲ್ಲಿ ಪಾಠಕ್ಕೆ ಮುಂಚೆ ಎಲ್ಲರೂ ಚಾಪೆಲ್‌ಗೆ ಬರಬೇಕು. ಯಾರಾದರೂ ಎದ್ದು ಒಂದು ಹೆಸರು ಹೇಳಿದರೆ, ಎಲ್ಲರೂ ಅವರಿಗಾಗಿ ಪ್ರಾರ್ಥಿಸುತ್ತಾರೆ. ಈವತ್ತು ಎಕನಾಮಿಕ್ಸ್ ಮೇಷ್ಟ್ರು ಮುತ್ತುರಾಜ್ ಎದ್ದಿದ್ದ.

“ಹಿಸ್ಟರಿ ತ್ರಿವೇಣಿ ಮೇಡಂ ಊರು ಬಿಟ್ಟು ಬಂದು ಒಬ್ರ ಅದಾರ್ರಿ. ಅವ್ರ ಒಂಟಿತನ ನೀಗಲಿ ಅಂತ ಬೇಡ್ಕೊಳ್ರಿ.”

ಹುಡುಗಿಯರು ಒಬ್ಬರನ್ನೊಬ್ಬರು ನೋಡಿ ನಕ್ಕಿದ್ದರು. ತ್ರಿವೇಣಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತ್ತು!

“ತಪ್ಪು ತಿಳೀಬ್ಯಾಡ್ರಿ ಮೇಡಂ... ನಾ...”

“ಸಾಕು! ನಿಮ್ಮ ಕನಿಕರ ನಂಗೆ ಬೇಕಾಗಿಲ್ಲ.”

ಅವಳು ತಿರುಗಿ ನೋಡದೆ ಹೊರಟುಹೋದಳು.

ಮಡಕಶಿರದ ಕಡೆಯ ಶೇಂಗಾ ಬೆಳೆಯುವ ರೈತರ ಮಗಳು ಅವಳು. ಇಲ್ಲಿ ಬಾಡಿಗೆ ಕೋಣೆಯ ಕಿಟಕಿ ತೆರೆದರೆ ಅಕ್ಕಪಕ್ಕದ ಮನೆಗಳ ಹೊಲಿಗೆ ಮಷಿನ್ ಸದ್ದು. ಊರಿಗೆ ಊರೇ ಜೀನ್ಸ್ ಹೊಲಿಯುತ್ತಿತ್ತು. ಮಾತಾಡಲು ಯಾರಿಗೆ ಪುರುಸೊತ್ತು? ಒಬ್ಬಳಿಗಾಗಿ ಮುದ್ದೆ ಮಾಡಲು ಬೇಸರವಾಗಿ ಬ್ರೆಡ್ ತಿಂದು ಮಲಗಿದ ದಿನಗಳೇ ಹೆಚ್ಚು.

ಅವನು ಹೇಳಿದ್ದು ನಿಜ. ನಿಜವಾದ್ದರಿಂದಲೇ ಅಷ್ಟು ಉರಿ!

ಹಿಂದೂಪುರದ ಕಾಲೇಜೊಂದು ಅವಳನ್ನು ಕೆಲಸಕ್ಕೆ ಕರೆದಿತ್ತು. ಸಂಜೆ ಫೋನ್ ಮಾಡಿ ಬರುತ್ತೇನೆ ಎಂದುಬಿಟ್ಟಳು. ಮುತ್ತುರಾಜ್ ಎದುರು ಬಂದರೆ ದಾರಿ ಬದಲಿಸಿದಳು. ಅವನು ಮಾತಾಡಿಸಲು ಬರಲಿಲ್ಲ. ಬರಬಾರದಿತ್ತೇ... ಒಂದು ಸಲ? ಹಾಗೂ ಅನ್ನಿಸಿತು ಹಾಳು ಮನಸ್ಸಿಗೆ.

ಹೊರಡುವ ದಿನ ಕೊನೆಯ ಪಾಠ. ಹಳೆಯ ಶಾಸನವೊಂದನ್ನು ವಿವರಿಸುತ್ತಿದ್ದಳು. ತನ್ನ ತಾಯಿಗೆ ಪುಣ್ಯವಾಗಲೆಂದು ಒಬ್ಬ ಕೆರೆ ಕಟ್ಟಿಸಿದ್ದ.

“ಊರೋರ ಹೆಸರು ಯಾಕ ಹಾಕ್ಸಿಲ್ರಿ ಮೇಡಂ?” ರಾಧಾ ಕೇಳಿದಳು. ಪಾಠ ಮುಗಿಸಿ ಜೀನ್ಸ್ ಹೊಲಿಯಲು ಓಡುವ ಹುಡುಗಿ.

“ಕೆರೆ ಊರಿಗೆಲ್ಲ. ಪುಣ್ಯ ಕೇಳೋದು ಮಾತ್ರ ತನ್ನೋರಿಗೆ.”

“ನಮ್ಮ ಚಾಪೆಲ್‌ದಾಗೂ ಹಂಗ ಅಲ್ರಿ! ಎದ್ದು ನಿಂತು ತಮ್ಮ ಮನಿಯೋರ ಹೆಸರಷ್ಟ ಹೇಳೋದು. ಅದಕ್ಕ ಅವತ್ತು ನಾವು ನಕ್ಕಿದ್ದು. ಮುತ್ತುರಾಜ್ ಸರ್ ನೀವು ತಮ್ಮೋರಂತ ಎಲ್ಲಾರ ಮುಂದ ಹೇಳೇಬಿಟ್ರಲ್ಲ ಅಂತ...”

ತ್ರಿವೇಣಿಯ ಕೈಯಲ್ಲಿದ್ದ ಚಾಕ್ ಹಾಗೇ ನಿಂತಿತು.

ಮೂರು ವರ್ಷ ಚಾಪೆಲ್‌ನ ಕೊನೆಯ ಬೆಂಚಿನಲ್ಲಿ ತಲೆ ತಗ್ಗಿಸಿ ಪೇಪರ್ ತಿದ್ದಿದ್ದಳು. ಯಾರು ಯಾರಿಗಾಗಿ ಬೇಡುತ್ತಾರೆ ಎಂದು ಒಂದು ದಿನವೂ ಕಿವಿಗೊಟ್ಟಿರಲಿಲ್ಲ. ಶಾಸನ ಓದುವಾಗ ಯಾರು, ಯಾರಿಗೆ, ಯಾಕೆ ಹೇಳಿದರೆಂದು ಕೇಳಿ ಎಂದು ಮಕ್ಕಳಿಗೆ ಪಾಠ ಹೇಳುವ ಹಿಸ್ಟರಿ ಮೇಡಂ!

ಪಾಠ ಮುಗಿಸಿ ಅವಳು ಹೊರಬಂದಾಗ ಮುತ್ತುರಾಜ್ ಬೇವಿನ ಮರದ ಕೆಳಗೆ ಬುತ್ತಿ ಬಿಚ್ಚಿ, ಉಣ್ಣದೆ ಕುಳಿತಿದ್ದ.

“ನನಗೆ ಗೊತ್ತಿರಲಿಲ್ಲ ಸರ್... ಆ ಪದ್ಧತಿ.”

ಅವನು ಎದ್ದು ನಿಂತ. “ಮೊದ್ಲು ನಿಮ್ಮನ್ನ ಕೇಳ್ಬೇಕಾಗಿತ್ರಿ. ಎದುರಿಗೆ ಬಂದ್ರ ನನಗ ಮಾತ ಹೊರಡಲ್ಲ.”

“ನೀವು ಚರ್ಚಿನೋರು. ನಮ್ಮಪ್ಪ ಒಪ್ಪಲ್ಲ.”

“ಮಡಕಶಿರಕ್ಕ ಬಂದು ಕೇಳ್ತೀನ್ರಿ.”

“ಬಯ್ತಾರೆ.”

“ಬಯ್ಸ್ಕೊಳ್ತೀನ್ರಿ.”

ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು.

“ಹಿಂದೂಪುರದ ಬಸ್ಸಿಗೆ ಹೊತ್ತಾಯ್ತು,” ಎಂದಳು. “ಏನೂ ಹೇಳಲ್ವಾ?”

“ಬ್ಯಾಡ ಅನ್ನಾಕ ನನಗ ಹಕ್ಕೈತೇನ್ರಿ?”

“ಇಡೀ ಕಾಲೇಜಿನ ಮುಂದೆ ಆ ಹಕ್ಕು ತಗೊಂಡ್ರಲ್ಲ! ನನ್ನ ಮುಂದೆ ತಗೊಳ್ಳೋಕೆ ಭಯಾನಾ?”

ಅವನು ಒಂದು ಹೆಜ್ಜೆ ಮುಂದೆ ಬಂದ.

“ಹೋಗಬ್ಯಾಡ... ತ್ರಿವೇಣಿ.”

ಮಾತಿನಲ್ಲಿ ‘ಮೇಡಂ’ ಇರಲಿಲ್ಲ, ‘ರೀ’ ಇರಲಿಲ್ಲ. ಈ ಊರಿನಲ್ಲಿ ಯಾರೂ ಅವಳನ್ನು ಹಾಗೆ ಕರೆದಿರಲಿಲ್ಲ. ಅವಳು ಕಣ್ಣೊರೆಸಿಕೊಂಡು ಅವನ ಬುತ್ತಿಯ ಪಕ್ಕದಲ್ಲಿ ಕುಳಿತಳು.

“ಇನ್ನೊಂದ್ಸಲ ಹೇಳಿ.”