ರಘುಪತಿಯ ಹೆಸರಿನಲ್ಲಿ ಬಿದ್ದ ಒಪ್ಪಿಗೆ

1998ರ ಜುಲೈ 14, ಮಂಗಳವಾರ ಸಂಜೆ ತುರ್ಭೆ ಪೊಲೀಸ್ ಠಾಣೆಗೆ ಬಂದ ಗುರಮ್ಮ, ಕುರ್ಚಿ ತೋರಿಸಿದರೂ ಕೂರಲಿಲ್ಲ. ಬಣ್ಣದ ಕಾರ್ಖಾನೆಯಲ್ಲಿ ಟ್ಯಾಂಕು ತೊಳೆಯಲು ಇಳಿದಿದ್ದ ಅವಳ ಗಂಡ ಮಾಪಣ್ಣ, ಒಳಗಿನ ಗ್ಯಾಸಿಗೆ ಎಚ್ಚರ ತಪ್ಪಿ ಆಸ್ಪತ್ರೆ ಸೇರಿದ್ದ.

“ಇಳಿ ಅಂದವ್ರು ಯಾರು, ಅಷ್ಟ ಹೇಳ್ರಿ ಸಾಹೇಬ್ರ. ತಾವಾಗೇ ಇಳಿಯೋ ಮನಷಾ ಅಲ್ಲ ಅವ್ರು.”

ಇನ್‌ಸ್ಪೆಕ್ಟರ್ ಜಯಶೀಲ ಎಫ್‌ಐಆರ್ ದಾಖಲಿಸಿದರು. ಆರೋಪಿ ಮಾತ್ರ ರೆಡಿಮೇಡಾಗಿ ಬಂದ. ಕಾರ್ಖಾನೆಯಲ್ಲಿ ಈಗ ಟ್ಯಾಂಕಿಗೆ ಇಳಿಯುವ ಪರ್ಮಿಟ್ ಕಂಪ್ಯೂಟರಿನಲ್ಲೇ. ಸುರಕ್ಷಾ ಅಧಿಕಾರಿ ಗ್ಯಾಸ್ ಪರೀಕ್ಷಿಸಿ ಒಪ್ಪಿಗೆ ಒತ್ತಬೇಕು. ಒತ್ತಿದವರ ಹೆಸರು ತಾನಾಗಿ ಬೀಳುತ್ತದೆ. ಬಿದ್ದದ್ದು ಸುರಕ್ಷಾ ಅಧಿಕಾರಿ ರಘುಪತಿಯ ಹೆಸರು, ವೇಳೆ ಬೆಳಿಗ್ಗೆ 11.40.

“ಹೆಸರು ಇದೆಯಲ್ಲಾ ಸಾಹೇಬ್, ಇವತ್ತೇ ಅರೆಸ್ಟ್ ಮಾಡಿ,” ಅಂದರು ಮ್ಯಾನೇಜರ್.

ರಘುಪತಿ ಕುಂಟುತ್ತ ಬಂದ. ಮೆಟ್ಟಿಲಲ್ಲಿ ಜಾರಿ ಪಾದ ಉಳುಕಿತ್ತಂತೆ. ಆ ಹೊತ್ತಿಗೆ ಕಾರ್ಖಾನೆಯ ಡಿಸ್ಪೆನ್ಸರಿಯಲ್ಲಿ ಮಲಗಿದ್ದನಂತೆ. ನರ್ಸ್ ವನಮಾಲಾ ಹೌದೆಂದರು.

“ಪಾಸ್‌ವರ್ಡ್ ಯಾರಿಗೆ ಹೇಳಿದ್ದೀರಿ?”

“ಹೆಂಡತಿಗೂ ಹೇಳಿಲ್ಲ ಸರ್.”

“ಹಾಗಾದರೆ ನೀವೇ ಒತ್ತಿರಬೇಕು.”

ರಘುಪತಿಯ ಮುಖ ಬಿಳುಚಿತು. ನಿಜ ಹೇಳಿ ತಾನೇ ಸಿಕ್ಕಿಬಿದ್ದಿದ್ದ.

ಜಯಶೀಲರಿಗೆ ರಾತ್ರಿಯೆಲ್ಲ ಸಮಾಧಾನವಿಲ್ಲ. ಬುಧವಾರ ಬೆಳಿಗ್ಗೆ ಪಂಚರನ್ನು ಕರೆದುಕೊಂಡು ಸೂಪರ್‌ವೈಸರ್ ಕ್ಯಾಬಿನ್‌ನಲ್ಲಿ ಪಂಚನಾಮೆಗೆ ಕೂತರು. ಇಡೀ ವಿಭಾಗಕ್ಕೆ ಒಂದೇ ಕಂಪ್ಯೂಟರ್. ರಘುಪತಿ ಪಾಸ್‌ವರ್ಡ್ ಒತ್ತಿ ತೆರೆದ. ಅವನನ್ನು ಎಬ್ಬಿಸಿ ಜಯಶೀಲ ತಾವೇ ಕೂತು, ಹೊಸ ಪರ್ಮಿಟ್ ತೆಗೆದು, ಒಪ್ಪಿಗೆ ಒತ್ತಿದರು. ನೀವು ಯಾರೆಂದು ಯಂತ್ರ ಕೇಳಲಿಲ್ಲ. ಹೆಸರು ಬಿತ್ತು: ರಘುಪತಿ.

“ಸರ, ನೀವೂ ರಘುಪತಿ ಆದ್ರಿ!” ಕಾನ್‌ಸ್ಟೇಬಲ್ ಅಂಬಾರಾಯ ಕಣ್ಣರಳಿಸಿದ. “ಸಂಜೀಕ ಇವರ ಹೆಂಡ್ತಿ ಯಾರನ್ನ ಮನೀಗಿ ಕರಕೊಂಡ ಹೋಗಬೇಕ್ರಿ?”

ಜಯಶೀಲ ನಗದೆ ರಘುಪತಿಯತ್ತ ತಿರುಗಿದರು. “ಎದ್ದು ಹೋಗುವಾಗ ಇದನ್ನು ಮುಚ್ಚುವುದಿಲ್ಲವಾ?”

“ಮುಚ್ಚಿದರೆ ಮತ್ತೆ ತೆರೆಯೋಕೆ ಕಾಲು ಗಂಟೆ ಸರ್. ಬೆಳಿಗ್ಗೆ ಮೊದಲು ಬಂದವರು ತೆರೀತಾರೆ, ಸಂಜೆವರೆಗೂ ಎಲ್ಲರ ಕೆಲಸ ಅದರಲ್ಲೇ. ನಿನ್ನೆ ತೆರೆದದ್ದು ನಾನು.”

ಬೀಗ ಬಾಗಿಲಿಗೆ ಮಾತ್ರ. ಒಳಗೆ ಕುರ್ಚಿಯಲ್ಲಿ ಕೂತವರೆಲ್ಲ ರಘುಪತಿಯೇ. ಹಾಗಾದರೆ ಕೂತವರು ಯಾರು?

ಟ್ಯಾಂಕಿನ ಬಾಯಲ್ಲಿ ಹಗ್ಗ ಹಿಡಿದಿದ್ದವನು ಅಂಗಾರ.

“ಇಳಿಯಲು ಹೇಳಿದ್ದು ಯಾರು?”

“ಸೂಪರ್‌ವೈಸರ್ ಲಕ್ಷ್ಮೀಕಾಂತ, ಮಾರಾಯ್ರೇ. ಕ್ಯಾಬಿನ್ ಕಿಟಕಿಯಿಂದ ಕೈ ಬೀಸಿ ‘ಪರ್ಮಿಟ್ ಆಯ್ತು, ಉತರ್’ ಅಂದ್ರು.”

“ಒಳಗೆ ಬೇರೆ ಯಾರಿದ್ದರು?”

“ಯಾರೂ ಇಲ್ಲ. ಅವರೊಬ್ಬರೇ.”

ಲಕ್ಷ್ಮೀಕಾಂತ ಹೆಚ್ಚು ಸತಾಯಿಸಲಿಲ್ಲ. “ನಾನೇ ಒತ್ತೀನ್ರಿ.” ಅಜಾಗ್ರತೆಯಿಂದ ಜೀವಕ್ಕೆ ಅಪಾಯ ತಂದದ್ದಕ್ಕೆ ಕಲಂ 338ರಡಿ ಬಂಧನವಾಯಿತು. ಪರದೆಯ ಮೇಲಿನ ಹೆಸರು ಸಹಿಯೋ ಅಲ್ಲವೋ, ಕಾಯಿದೆ ಇನ್ನೂ ಹೇಳಿರಲಿಲ್ಲ. ಕಿಟಕಿಯಿಂದ ಬೀಸಿದ ಕೈಗೆ ಸಾಕ್ಷಿ ಇತ್ತು. ರಘುಪತಿಯನ್ನು ಮನೆಗೆ ಕಳಿಸಿದರು.

ಜೀಪಿನಲ್ಲಿ ಜಯಶೀಲ ಲಕ್ಷ್ಮೀಕಾಂತನನ್ನು ಕೇಳಿದರು, “ಯಾಕೆ?”

“ಹ್ವಾದ ವಾರ ಎರಡ ಸಲ, ಗ್ಯಾಸ್ ನೋಡೂತನಾ ಕೆಲಸ ನಿಲ್ಲಿಸಿದ್ದೆ. ಮ್ಯಾನೇಜರ್ ಎಲ್ಲಾರ ಮುಂದ...” ಅವನ ದನಿ ಮೂಗಿಗೇರಿ ಥೇಟ್ ಮ್ಯಾನೇಜರ್ ಆಯಿತು: “‘ಲಕ್ಷ್ಮೀಕಾಂತ್‌ಜೀ, ಮುಹೂರ್ತ್ ನಿಕ್ಲಾ ಕ್ಯಾ? ಭಟ್‌ಜೀ ಕೋ ಬುಲಾಊಂ?’ ಇಳಿಯಾಕ ಮುಹೂರ್ತ ಬಂತೇನು, ಭಟ್ರನ್ನ ಕರಸ್ಲೇನು ಅಂತ್ರಿ. ಎಲ್ಲಾರೂ ನಕ್ರು. ಮೂರನೇ ಸಲ ನಗಿಸ್ಕೊಳ್ಳಾಕ ಆಗ್ಲಿಲ್ರಿ.”

ಆಸ್ಪತ್ರೆಯಲ್ಲಿ ಮಾಪಣ್ಣ ಇನ್ನೂ ಕಣ್ಣು ಬಿಟ್ಟಿರಲಿಲ್ಲ. ಜಯಶೀಲ ಗುರಮ್ಮನಿಗೆ ಹೆಸರು ಹೇಳಿದರು.

“ಲಕ್ಷ್ಮೀಕಾಂತಣ್ಣನಾ?” ಅವಳು ಮಾಪಣ್ಣನ ಮಂಚದತ್ತ ತಿರುಗಿದಳು. “ಅವ ಇದ್ರ ಹೆದರಿಕಿಲ್ಲ, ಗ್ಯಾಸ್ ನೋಡದ ಇಳಿಯಾಕ ಬಿಡೂದಿಲ್ಲ ಅಂತಿದ್ದ್ರಲ್ರಿ ಇವ್ರು.”