ಒಂದು ನೂಲು ಜಾಸ್ತಿ

ಹನ್ನೊಂದು ವರ್ಷ ಓಡುವ ಬಸ್ಸಿನಲ್ಲಿ ನಿಂತೇ ಟಿಕೆಟ್ ಹರಿದ ಕಂಡಕ್ಟರಮ್ಮನಿಗೆ ಒಂದೆಡೆ ಕೂರುವುದೆಂದರೆ ಶಿಕ್ಷೆ. ಬಲಪಾದದ ಆಪರೇಷನ್ ಆದಮೇಲೆ ಡಾಕ್ಟರು, ಆರು ತಿಂಗಳು ಡ್ಯೂಟಿ ಬೇಡ, ಊತ ಪೂರ್ತಿ ಇಳಿದ ಮೇಲೆ ಅಳತೆ ಕೊಟ್ಟು ಶೂ ಹೊಲಿಸಿಕೊಳ್ಳಿ, ಅಲ್ಲಿಯವರೆಗೆ ತಾಳ್ಮೆ ಇರಲಿ ಎಂದರು. ತಾಳ್ಮೆಗೂ ಅವಳಿಗೂ ಎಣ್ಣೆ ಸೀಗೇಕಾಯಿ. ಮೊದಲ ತಿಂಗಳೆಲ್ಲ ಅಮ್ಮನ ಮೇಲೆ ಸಿಡುಕಿದ್ದೇ ಸಿಡುಕಿದ್ದು.

ಶೂ ಹೊಲಿಯುವವನು ಹದಿನೈದು ದಿನಕ್ಕೊಮ್ಮೆ ಮನೆಗೆ ಬರತೊಡಗಿದ ಮೇಲೆ ಆ ಸಿಡುಕು ಎಲ್ಲಿ ಹೋಯಿತೋ! ನೆಲದ ಮೇಲೆ ಕೂತು, ಅವಳ ಪಾದವನ್ನು ತನ್ನ ಮೊಣಕಾಲ ಮೇಲಿಟ್ಟುಕೊಂಡು, ಕಾಗದದ ಪಟ್ಟಿ ಸುತ್ತಿ, ತುದಿ ಕೂಡುವಲ್ಲಿ ಉಗುರಿನಿಂದ ಚೂರು ಹರಿಯುತ್ತಿದ್ದ. ಅದೇ ಅವನ ಅಳತೆ. ತಲೆಯೆತ್ತಿ "ನೋವಾಯ್ತಾ?" ಅಂದರೆ, ಇಲ್ಲದ ನೋವಿಗೆ ಅವಳು "ಸ್ವಲ್ಪ" ಅನ್ನುತ್ತಿದ್ದಳು. ಆ ಕೈ ಇನ್ನೊಂದು ಗಳಿಗೆ ಅಲ್ಲೇ ಇರಲಿ ಎಂಬ ಆಸೆ.

ಊತ ಇಳಿದರೆ ಶೂ ಬರುತ್ತದೆ. ಶೂ ಬಂದರೆ ಅವನು ಬರುವುದಿಲ್ಲ. ಇದು ಹೊಳೆದಂದಿನಿಂದ, ಅವನು ಬರುವ ದಿನ ಬೆಳಗಿನಿಂದಲೇ ಅಡುಗೆಮನೆಯಲ್ಲಿ ನಿಂತು ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆಯತೊಡಗಿದಳು.

"ಕೂತ್ಕೊಳ್ಳೇ, ಕಾಲು ಊದತ್ತೆ!" ಅಮ್ಮ ಗದರಿದರು.

ಊದಲಿ ಎಂದೇ ಅಲ್ಲವೇ!

"ಊತ ಇನ್ನೂ ಒಂದು ನೂಲು ಜಾಸ್ತಿ ಇದೆ," ಅವನು ಪಟ್ಟಿ ನೋಡಿ ಹೇಳುತ್ತಿದ್ದ. "ಹದಿನೈದು ದಿನ ಬಿಟ್ಟು ಬರ್ತೀನಿ."

ಅವಳಿಗೆ ಒಳಗೊಳಗೇ ಹಾಲು ಕುಡಿದಷ್ಟು ಸಂತೋಷ.

ಐದನೇ ತಿಂಗಳ ಒಂದು ಮಧ್ಯಾಹ್ನ ಅವನು ಅಳತೆಯ ಪುಸ್ತಕ ಮರೆತು ಹೋದ. ತೆರೆದರೆ ಅವಳ ಪಟ್ಟಿಗಳೆಲ್ಲ ತಾರೀಖಿನ ಸಮೇತ ಕ್ಲಿಪ್ಪಿನಲ್ಲಿದ್ದವು. ಕೊನೆಯ ನಾಲ್ಕನ್ನು ಒಂದರ ಮೇಲೊಂದು ಇಟ್ಟಳು. ಹರಿದ ಗುರುತು ಕೂದಲೆಳೆಯಷ್ಟೂ ಆಚೀಚೆ ಇರಲಿಲ್ಲ. ಪಾತ್ರೆ ತೊಳೆದದ್ದೆಲ್ಲ ದಂಡ. ಹಾಳಾದ ಕಾಲು ಊದಿಯೇ ಇರಲಿಲ್ಲ!

ಪುಸ್ತಕಕ್ಕೆಂದು ಅವನು ಏದುಸಿರು ಬಿಡುತ್ತಾ ವಾಪಸು ಬಂದ. ಅವಳ ಕೈಯಲ್ಲಿ ಪಟ್ಟಿಗಳನ್ನು ಕಂಡು ಬಾಗಿಲಲ್ಲೇ ನಿಂತ.

"ನಾಲ್ಕೂ ಒಂದೇ ಅಳತೆ. ಆ ಜಾಸ್ತಿ ನೂಲು ಎಲ್ರೀ?"

"ಶೂ ರೆಡಿಯಾಗಿ ತಿಂಗಳಾಯ್ತು," ನೆಲ ನೋಡುತ್ತಾ ಅಂದ. "ಕೊಟ್ಬಿಟ್ರೆ ಮತ್ತೆ ಬರೋಕೆ ಏನು ನೆಪ ಹೇಳ್ಲಿ? ನೀವಂದ್ರೆ ನನಗಿಷ್ಟ. ಹೇಳೋಕೆ ಧೈರ್ಯ ಸಾಲ್ಲಿಲ್ಲ."

ಬಸ್ಸು ತುಂಬಿದ ಜನರನ್ನು ಒಂದೇ ಕೂಗಿಗೆ ಒಳಕ್ಕೆ ಸರಿಸುತ್ತಿದ್ದವಳು ಪಟ್ಟಿಗಳನ್ನು ಒಂದೊಂದಾಗಿ ಮೆತ್ತಗೆ ಕ್ಲಿಪ್ಪಿಗೆ ಸಿಕ್ಕಿಸಿದಳು.

"ನಾಳೆ ಶೂ ತನ್ನಿ," ಕೊನೆಗೆ ಅಂದಳು. "ಆಮೇಲೆ ನೀವು ಬರೋದು ಬೇಡ."

ಅವನ ಮುಖ ಬಾಡಿತು.

"ಅಯ್ಯೋ, ಪೂರ್ತಿ ಕೇಳಿಸ್ಕೊಳ್ಳಿ! ಅದನ್ನ ಹಾಕ್ಕೊಂಡು ಮೊದಲು ನಿಮ್ಮ ಅಂಗಡಿಗೇ ನಡ್ಕೊಂಡು ಬರ್ತೀನಿ. ಇಷ್ಟು ದಿನ ನಾನು ಬಾಗಿಲು ನೋಡ್ಕೊಂಡು ಕೂತಿದ್ದೆ. ಈಗ ನೀವು ಕಾಯ್ತಾ ಕೂತಿರಿ."