ನಿಲ್ಲಿಸಿದವಳೇ ಸರಿ ಅನ್ನಬೇಕು

"ನಿಲ್ಸೀ!"

ಐದನೇ ಕ್ಲಾಸಿನ ಸ್ವರ್ಣಲತಾ ಕೂಗಿದ್ದೇ ತಡ, ಹಗ್ಗ ನಿಂತುಹೋಯಿತು. ಸ್ಟೇಜಿನ ಎಡಗಡೆ ಹಗ್ಗ ಜಗ್ಗುತ್ತಿದ್ದ ನಿಂಗಯ್ಯ, ಬಲಗಡೆ ಜಗ್ಗುತ್ತಿದ್ದ ರಂಗಸ್ವಾಮಿ, ಇಬ್ಬರೂ ಕಾಲೂರಿ ಗಟ್ಟಿಯಾಗಿ ನಿಂತುಬಿಟ್ಟರು. ಅವರ ನಡುವೆ, ಎರಡಾಳು ಎತ್ತರದಲ್ಲಿ, ನಾಲ್ಕು ಫೋಕಸ್ ಲೈಟು ಬಿಗಿದ ಕಬ್ಬಿಣದ ಪೈಪು ಅರ್ಧ ದಾರಿಯಲ್ಲೇ ತೂಗಾಡತೊಡಗಿತು.

ಅವತ್ತು ಗುಂಡ್ಲುಪೇಟೆಯ ಆ ಶಾಲೆಯಲ್ಲಿ ಸ್ಕೂಲ್ ಡೇ. ಸ್ಟೇಜು ಕಟ್ಟಲು ಚಾಮರಾಜನಗರದಿಂದ ಮುದ್ದಯ್ಯನ ತಂಡ ಟೆಂಪೋದಲ್ಲಿ ಬಂದಿತ್ತು. ಅವರಲ್ಲಿ ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಕೈ ಹಾಕುವುದಿಲ್ಲ. ಶಂಕರ್ ಕಂಬದ ತುದಿಯಲ್ಲಿ ಕೂತು ರಾಟೆ ನೋಡಿಕೊಳ್ಳುತ್ತಾನೆ. ದೊಡ್ಡಮಲ್ಲಮ್ಮ ಕೋಲು ಹಿಡಿದು, ಪೈಪಿನ ಕೆಳಗೆ ಒಂದು ನಾಯಿಯೂ ನುಸುಳದಂತೆ ಕಾಯುತ್ತಾಳೆ. ಮುದ್ದಯ್ಯನದು ಬಾಯಿಕೆಲಸ. ಅವನು "ಎತ್ರಲಾ" ಅನ್ನದೆ ಹಗ್ಗ ಒಂದು ಗೇಣೂ ಏರುವಂತಿಲ್ಲ.

ಬೆಳಗ್ಗೆಯೇ ಅವನು ಮಕ್ಕಳಿಗೆ ಹೇಳಿದ್ದ. "ಎತ್ತು ಅನ್ನಾದು ನಾನೊಬ್ನೇ. ನಿಲ್ಸಿ ಅಂತ ಯಾರ್ ಬೇಕಾದ್ರೂ ಕೂಗಿ. ಕಣ್ಗೆ ಏನಾರ ಕಂಡ್ರೆ ನಾಚ್ಕಬೇಡಿ."

ಸ್ವರ್ಣಲತಾಳ ಕಣ್ಣಿಗೆ ಏನೋ ಕಂಡಿತ್ತು.

"ಏನು? ಏನಾಯ್ತು?" ಪಿ.ಟಿ. ಮೇಷ್ಟ್ರು ಶಾಂತರಾಜು ವಿಷಲ್ ಊದುತ್ತಾ ಓಡಿಬಂದರು.

"ಮೂರ್ನೇ ಲೈಟ್ ಅತ್ರ ನೋಡಿ ಸಾ. ಕರ್ರಗೆ ಏನೋ ಜೋತಾಡ್ತದ. ಕಿತ್ಕಂಡು ಬೀಳಂಗದ."

ಶಂಕರ್ ಮೇಲಿನಿಂದ ಬಗ್ಗಿ ನೋಡಿದ. "ಟೇಪು ಕಣಣ್ಣೋ! ವೈರ್‌ಗೆ ಸುತ್ತಿದ್ ಟೇಪಿನ ಬಾಲ!"

ಮಕ್ಕಳೆಲ್ಲ ಗೊಳ್ಳೆಂದರು. "ಟೇಪ್ ಬಿದ್ರೆ ಬುಲ್ಡೆ ಒಡ್ದೋಯ್ತದ ಕಣಮ್ಮಿ!" ಅಂತ ಕುಮಾರಿ ತಲೆ ಹಿಡಿದುಕೊಂಡು ಕುಣಿದಳು. ಗೆಳತಿಯೇ ಹೀಗಂದರೆ ಇನ್ನು ಮಿಕ್ಕವರನ್ನು ಕೇಳಬೇಕೆ?

ಕೈಯಲ್ಲಿ ವಿಷಲ್ ಇದ್ದವರಿಗೆ ಬೇರೆಯವರು ಕೂಗಿದರೆ ಆಗಿಬರುವುದಿಲ್ಲ. "ಐದು ಗಂಟೆಗೆ ಬಿಇಓ ಸಾಹೇಬ್ರು ಬರ್ತಾರೆ. ನಿನಗೆ ತಮಾಷೆನಾ?" ಅಂತ ಮೇಷ್ಟ್ರು ಗುಡುಗಿದರು. "ನವಿಲಿನ ಡ್ಯಾನ್ಸಿಂದ ನೀನು ಔಟ್. ಕುಮಾರಿ ಮಾಡ್ತಾಳೆ. ಹೋಗು, ಕ್ಲಾಸಲ್ಲಿ ಕೂತ್ಕೋ!"

ಎರಡು ತಿಂಗಳು ಪ್ರಾಕ್ಟೀಸ್ ಮಾಡಿದ್ದ ಡ್ಯಾನ್ಸು! ಅವ್ವ ರಾತ್ರಿಯೆಲ್ಲ ಕೂತು ಹೊಲಿದ ನೀಲಿ ಲಂಗ! ಸ್ವರ್ಣಲತಾ ಕ್ಲಾಸಿಗೆ ಹೋಗಿ ಕಿಟಕಿ ಪಕ್ಕದ ಬೆಂಚಿನಲ್ಲಿ ಕೂತಳು. ಬೆನ್ನಿಗೆ ಕಟ್ಟಿದ್ದ ರಟ್ಟಿನ ಗರಿಗಳು ಗೋಡೆಗೆ ಒತ್ತಿ ಮುದುರಿದವು. ಮುದುರಿದರೆ ಮುದುರಲಿ.

ಹೊರಗೆ ಮೇಷ್ಟ್ರ ದನಿ ಕೇಳಿಸಿತು. "ಹ್ಞೂಂ, ಎತ್ತಯ್ಯಾ ಮುದ್ದಯ್ಯ."

"ಆಗಕಿಲ್ಲ ಸಾ."

ಸ್ವರ್ಣಲತಾ ಕಿಟಕಿಯ ಸರಳಿಗೆ ಮೂಗು ಒತ್ತಿದಳು. ಪೈಪು ಮೆಲ್ಲಗೆ ಕೆಳಗಿಳಿಯುತ್ತಿತ್ತು. ನಿಂಗಯ್ಯ, ರಂಗಸ್ವಾಮಿ ಹಗ್ಗವನ್ನು ಗೂಟಕ್ಕೆ ಸುತ್ತಿ, ಕುಕ್ಕರುಗಾಲಲ್ಲಿ ಕೂತೇಬಿಟ್ಟರು.

"ಏನ್ರೀ ಇದು? ಬರೀ ಟೇಪು ಅಂತ ನಿಮ್ಮವನೇ ಹೇಳಿದ್ನಲ್ಲ!"

"ಹೇಳ್ದ ಸಾ. ಆದ್ರ ನಿಲ್ಸಿದ್ದು ಆ ಕೂಸು. ಅದೇ ಬಂದು ನೋಡಿ ಸರಿ ಅನ್ಬೇಕು. ಅಲ್ಲೀಗಂಟ ನಾವು ಹಗ್ಗ ಮುಟ್ಟಕಿಲ್ಲ. ನಮ್ ಕಸುಬು ಇಂಗೇಯ."

"ಹತ್ತು ವರ್ಷದ ಹುಡುಗಿ ಅವಳು! ಅವಳಿಗೇನು ಗೊತ್ತು?"

"ಗೊತ್ತಿಲ್ದೆ ಇರ್ಬೌದು. ಕಂಡದ್ದು ಅವಳ್ಗೇ ತಾನೆ?"

ಮೇಷ್ಟ್ರು ಕೆಂಪಗಾದರು. ಆಗ ದೊಡ್ಡಮಲ್ಲಮ್ಮ ಕೋಲನ್ನು ನೆಲಕ್ಕೆ ಕುಟ್ಟಿದಳು. "ಅರ್ಜೆಂಟ್ ಇದ್ರ ಒಂದ್ ಕೆಲ್ಸ ಮಾಡ್ಮಾ. ನೀವು ಪೈಪಿನ ಕೆಳಗೆ ನಿಂತ್ಕಳಿ ಮೇಷ್ಟ್ರೇ, ಅವ್ರು ಎತ್ಲಿ."

ಮೇಷ್ಟ್ರು ತಮಗೇ ಅರಿವಿಲ್ಲದೆ ಎರಡು ಹೆಜ್ಜೆ ಹಿಂದಕ್ಕೆ ಸರಿದರು. ಕಂಬದ ಮೇಲಿದ್ದ ಶಂಕರ್ ಕಿಸಕ್ಕೆಂದ.

ಸ್ವಲ್ಪ ಹೊತ್ತಿಗೆ ಕ್ಲಾಸಿನ ಬಾಗಿಲಲ್ಲಿ ಮೇಷ್ಟ್ರು ಕಾಣಿಸಿಕೊಂಡರು. ಅವಳ ಮುಖ ನೋಡದೆ, ಬೋರ್ಡಿನ ಕಡೆ ತಿರುಗಿ, "ಬಾರಮ್ಮ," ಅಂದರು.

ಮೈದಾನಕ್ಕೆ ಬಂದರೆ ಎಲ್ಲರ ಕಣ್ಣೂ ಅವಳ ಮೇಲೆ! ಸರಿ ಅಂದು ಓಡಿಹೋದರೆ ಸಾಕು ಅನ್ನಿಸಿತು. ಬಾಯಿ ತೆರೆದು ಮುದ್ದಯ್ಯನ ಕಡೆ ನೋಡಿದಳು.

"ನನ್ ಮಕದಲ್ಲಿ ಏನದ ಕೂಸು? ಪೈಪ್ ನೋಡು."

ಪೈಪು ಈಗ ಅವಳ ಎದೆ ಮಟ್ಟಕ್ಕಿತ್ತು. ಮೂರನೇ ಲೈಟಿನ ಹತ್ತಿರ ಕಪ್ಪು ಟೇಪು ನೇತಾಡುತ್ತಿತ್ತು. ಎಳೆದಳು. ಬರೀ ಟೇಪೇ. ನಾಚಿಕೆಯಿಂದ ಕಿವಿ ಬಿಸಿಯಾಯಿತು. ಆದರೆ ತಂಡದಲ್ಲಿ ಯಾರೂ ನಗಲಿಲ್ಲ. ಶಂಕರ್ ಕೆಳಗಿಳಿದು ಬಂದು ಆ ಬಾಲ ಕತ್ತರಿಸಿ, "ಮಿಕ್ಕಿದ್ದ ನೋಡವ್ವ," ಅಂದ.

ಅವಳು ಮೊದಲನೇ ಲೈಟಿನ ನಟ್ಟನ್ನು ಬೆರಳಿಂದ ತಿರುಗಿಸಲು ನೋಡಿದಳು. ಅಲುಗಲಿಲ್ಲ. ಎರಡನೆಯದೂ ಅಲುಗಲಿಲ್ಲ. ಮೂರನೆಯದನ್ನು ಎರಡೂ ಕೈಯಿಂದ ಜಗ್ಗಿದಳು. ಮೇಷ್ಟ್ರು ವಾಚು ನೋಡಿಕೊಂಡು ಕೆಮ್ಮಿದರು. ನಿಂಗಯ್ಯನೂ ರಂಗಸ್ವಾಮಿಯೂ ಎದ್ದು ಬಂದು ಹಗ್ಗ ಹಿಡಿದು, ಅವಳ ಕೈಯನ್ನೇ ನೋಡುತ್ತಾ ನಿಂತಿದ್ದರು. ಅವಸರವೇ ಇಲ್ಲದವರ ಹಾಗೆ. ಸ್ವರ್ಣಲತಾ ನಾಲ್ಕನೆಯದರ ಹತ್ತಿರ ಇನ್ನೂ ನಿಧಾನ ಮಾಡಿದಳು.

"ಸರಿ," ಅಂದಳು.

"ಹಗ್ಗದೋರ್ಗೆ ಕೇಳ್ಸದು ಬ್ಯಾಡ್ವಾ?" ಅಂದ ಮುದ್ದಯ್ಯ.

"ಸರೀ!"

ಹೊಂಗೆ ಮರದಲ್ಲಿದ್ದ ಕಾಗೆಗಳೆಲ್ಲ ಹಾರಿಹೋದವು. "ಎತ್ರಲಾ!" ಅಂದ ಮುದ್ದಯ್ಯ. ಪೈಪು ಒಂದೇ ಸಮನೆ ಏರಿ ಏರಿ, ಮೇಲೆ ಹೋಗಿ ನಿಂತಿತು. ದೀಪ ಹತ್ತಿಕೊಂಡಾಗ ಮಕ್ಕಳು ಹೋ ಎಂದು ಕಿರುಚಿದರು.

ಅಷ್ಟರಲ್ಲಿ ಗೇಟಿನ ಹತ್ತಿರ ಬಿಇಓ ಅವರ ಜೀಪು ಬಂತು. ಕುಮಾರಿ ಅಳುಮುಖ ಮಾಡಿಕೊಂಡು ಮೇಷ್ಟ್ರ ಮುಂದೆ ಬಂದಳು. "ಸಾ, ನವಿಲಿನ ಸ್ಟೆಪ್ಪು ನಂಗೆ ಒಂದೂ ಬರಕಿಲ್ಲ ಸಾ!"

ಮೇಷ್ಟ್ರು ಜೀಪು ನೋಡಿದರು, ಕುಮಾರಿಯನ್ನು ನೋಡಿದರು. ಕೊನೆಗೆ ಸ್ವರ್ಣಲತಾಳ ಬೆನ್ನಿನ ಮುದುರಿದ ಗರಿಗಳನ್ನು ತಾವೇ ಬಗ್ಗಿ ನೆಟ್ಟಗೆ ಮಾಡಿದರು. "ಇನ್ನೂ ಇಲ್ಲೇ ನಿಂತಿದ್ದೀಯಲ್ಲೇ! ಓಡು!"

ಸ್ಟೇಜಿನ ಮೇಲೆ ಹಾಡು ಶುರುವಾಯಿತು. ಬೆಳಕು ಕಣ್ಣಿಗೆ ಹೊಡೆಯುತ್ತಿತ್ತು. ಹಿಂದಿನ ಸಾಲಿನಲ್ಲಿ ಮೋಡವಾಗಿ ಕುಣಿಯುತ್ತಿದ್ದ ಕುಮಾರಿ ಪಿಸುಗುಟ್ಟಿದಳು. "ಅಮ್ಮಿ, ಪೈಪು ಗಟ್ಟಿ ಅದ ತಾನೆ?"

"ಅದ ಕಣೇ, ಕುಣಿ!"

ಸ್ವರ್ಣಲತಾ ಗರಿ ಬಿಚ್ಚಿ ಗಿರ್ರನೆ ತಿರುಗಿದಳು. ಹಾಡು ಮುಗಿಯುವವರೆಗೂ ಒಂದೇ ಒಂದು ಸಲವೂ ಮೇಲೆ ನೋಡಲಿಲ್ಲ.